ಒಂದು ನಿಮಿಷದ ಹಾಡು: ಕೊನೆಗೂ ಕೂತಿತು

"ಒಂದು ನಿಮಿಷದಲ್ಲಿ ಏನು ಹಾಡು ಮಾಡ್ತೀಯ, ಸೋಪಿನ ಜಾಹೀರಾತಾ?" ಅಂತ ನಮ್ಮ ಡ್ರಮ್ಮರ್ ನಕ್ಕಿದ್ದ. ಈಗ ಹನ್ನೊಂದು ಹಾಡು ಮುಗಿದಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಹುಚ್ಚು ಹಿಡಿಸಿದ್ದು ರೆಸಿಡೆಂಟ್ಸ್, ಕಣ್ಣುಗುಡ್ಡೆಯ ಮುಖವಾಡ ಹಾಕಿಕೊಂಡು ಹೆಸರೇ ಹೇಳದೆ ಇದ್ದ ಸ್ಯಾನ್ ಫ್ರಾನ್ಸಿಸ್ಕೋ ತಂಡ. 1980ರ ಅವರ 'ಕಮರ್ಷಿಯಲ್ ಆಲ್ಬಮ್'ನಲ್ಲಿ 40 ಹಾಡು, ಒಂದೊಂದೂ ಹೆಚ್ಚುಕಮ್ಮಿ ಒಂದು ನಿಮಿಷ. ಪಾಪ್ ಹಾಡು ಅಂದರೆ ಒಂದು ಪಲ್ಲವಿ, ಒಂದು ಚರಣ, ಅದನ್ನೇ ಮೂರು ಸಲ ತಿರುಗಿಸಿ ಮೂರು ನಿಮಿಷ ಮಾಡ್ತಾರೆ, ಕೊಬ್ಬು ಕತ್ತರಿಸಿದರೆ ಉಳಿಯೋದು ಒಂದೇ ನಿಮಿಷ ಅನ್ನೋದು ಅವರ ವಾದ. ಪೂರ್ತಿ ಪಾಪ್ ಹಾಡೇ ಬೇಕಿದ್ದರೆ ಮೂರು ಸಲ ಹಾಕಿಕೊಳ್ಳಿ ಅಂತ ಕವರಿನ ಮೇಲೇ ಬರೆದರು. ಅಲ್ಲಿನ ಕೆಎಫ್‌ಆರ್‌ಸಿ ರೇಡಿಯೋದಲ್ಲಿ ಜಾಹೀರಾತಿನ ಸಮಯವನ್ನೇ ದುಡ್ಡು ಕೊಟ್ಟು ಕೊಂಡು ಹಾಡು ಹಾಕಿಸಿದರು. ತಲೆ ಅಂದ್ರೆ ಅದು!

ನನ್ನ ಮೊದಲ ಆರು ತಿಂಗಳು ದಂಡ. ಹಳೆಯ ಹಾಡನ್ನು ಕತ್ತರಿಸಿ ಫೇಡ್ ಕೊಟ್ಟೆ, ಅಂದರೆ ಕೊನೆಯಲ್ಲಿ ಸದ್ದನ್ನು ನಿಧಾನಕ್ಕೆ ಇಳಿಸಿದೆ, ರೇಡಿಯೋ ಸೆಲ್ ಮುಗಿದ ಹಾಗೆ ಕೇಳಿಸಿತು. ಟೆಂಪೋ, ಅಂದರೆ ಹಾಡಿನ ವೇಗ, ನಿಮಿಷಕ್ಕೆ 170 ಬೀಟಿಗೆ ಏರಿಸಿದೆ, ನಿಜಕ್ಕೂ ಸೋಪಿನ ಜಾಹೀರಾತೇ ಆಯ್ತು. ತಪ್ಪು ಸಿಂಥ್‌ನದ್ದು (ಕರೆಂಟಿನಿಂದ ಸದ್ದು ಹುಟ್ಟಿಸೋ ಕೀಬೋರ್ಡ್) ಅಂದುಕೊಂಡು ಸೆಕೆಂಡ್ ಹ್ಯಾಂಡ್ ಅನಲಾಗ್ ಸಿಂಥ್ ಒಂದಕ್ಕೆ ಹತ್ತಿರ ಹತ್ತಿರ 40 ಸಾವಿರ ಸುರಿದೆ. ಎರಡನೇ ವಾರಕ್ಕೇ ಎರಡು ಕೀ ಸತ್ತವು. ಮಾರಿದಾಗ ಬಂದದ್ದು 22 ಸಾವಿರವೋ 23 ಸಾವಿರವೋ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಕೂತಿದ್ದು ಲೆಕ್ಕ ಹಾಕಿದ ಮೇಲೆ. 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟ್; ನಾಲ್ಕು ಬೀಟಿನ ಒಂದು ಸುತ್ತು ಒಂದು ಬಾರ್, ಹಾಗಾಗಿ ನಿಮಿಷಕ್ಕೆ ಸರಿಯಾಗಿ 30 ಬಾರ್. ಇಂಟ್ರೋಗೆ 2, ಪಲ್ಲವಿಗೆ 12, ಚರಣಕ್ಕೆ 12, ಉಳಿದ 4 ಮುಗಿಸೋಕೆ. ಟ್ಯೂನ್ ಹುಟ್ಟುವ ಮೊದಲೇ ಈ ಖಾಲಿ ಮನೆಗಳನ್ನು ಹಾಕಿಟ್ಟುಕೊಂಡೆ. ಪಲ್ಲವಿಗೆ ಒಂದೇ ಹೊಸ ಸದ್ದು, ಚರಣಕ್ಕೆ ಇನ್ನೊಂದು, ಅಷ್ಟೇ. ರಿವರ್ಬ್, ಅಂದರೆ ಸದ್ದಿನ ಹಿಂದೆ ಉಳಿಯೋ ಮಾರ್ದನಿ, ಪೂರ್ತಿ ಬಂದ್, ಅದರ ಬಾಲ ಕೊನೆಯ ನಾಲ್ಕು ಬಾರ್ ತಿಂದುಬಿಡುತ್ತದೆ.

ಲೀಡ್, ಅಂದರೆ ಮುಖ್ಯ ಟ್ಯೂನ್, ನುಡಿಸಿದ್ದು ಮಗಳ ಆಟಿಕೆ ಕೀಬೋರ್ಡಿನಲ್ಲಿ. ರೆಕಾರ್ಡಿಂಗಿಗೆ ವೈರ್ ಸಿಕ್ಕಿಸೋ ಲೈನ್ ಔಟ್ ಇಲ್ಲ. ಸುಮ್ನೆ ಅದರ ಸ್ಪೀಕರನ್ನು ಅಕ್ಕಿ ಡಬ್ಬಿಯ ಬಾಯಿಗೆ ಒತ್ತಿಟ್ಟು ಒಳಗೆ ಮೈಕ್ ಇಳಿಬಿಟ್ಟೆ. ಖಾಲಿ ಡಬ್ಬಿ ಒಂಥರಾ, ಅರ್ಧ ಅಕ್ಕಿ ಇದ್ದರೆ ಇನ್ನೊಂಥರಾ. ರಾಗಿ ಹಾಕಿದೆ, ಸದ್ದೇ ಸತ್ತುಹೋಯ್ತು. ಆ ದಾರಿಯಲ್ಲಿ ಎರಡು ಭಾನುವಾರ ಹೋದವು, ನಷ್ಟ ಅನ್ನಿಸಲಿಲ್ಲ.

ಮೂವತ್ತನೇ ಬಾರನ್ನು ಮತ್ತೆ ಮೊದಲನೆಯದಕ್ಕೆ ಗಂಟು ಕಾಣದ ಹಾಗೆ ಕಟ್ಟೋದು ಹೇಗೆ ಅನ್ನೋದನ್ನು ಮಾತ್ರ ಹೇಳಲ್ಲ. ಕಲಿಯೋಕೆ ನಾಲ್ಕು ತಿಂಗಳು ಹಿಡಿದಿದೆ ಸ್ವಾಮಿ. ಹಾಗೆ ಕಟ್ಟಿದ ಒಂದು ಹಾಡನ್ನು ಮೂರು ಸುತ್ತು ಓಡಿಸಿ, ಏನೂ ಹೇಳದೆ ಡ್ರಮ್ಮರ್‌ಗೆ ಕೇಳಿಸಿದೆ.

"ಎರಡನೇ ಚರಣ ಮೊದಲನೇದಕ್ಕಿಂತ ಚೆನ್ನಾಗಿದೆ ಕಣೋ" ಅಂದ.