ಕಣ್ಣಿನ ಚಿಕಿತ್ಸೆ ನಡೆದದ್ದು ಡಯಾಲಿಸಿಸ್ ಕೊಠಡಿಯಲ್ಲಿ

ಪೀಠೋಪಕರಣಗಳ ಪಾಲಿಶ್‌ಗೆ ತಂದಿದ್ದ ಸ್ಪಿರಿಟ್ಟನ್ನು ಹಿಂದಿನ ಸಂಜೆ ಕುಡಿದಿದ್ದ ಬಡಗಿಯೊಬ್ಬರನ್ನು ನೋಡಲು ನೇತ್ರತಜ್ಞನಾದ ನನ್ನನ್ನು ರಾತ್ರಿ ತುರ್ತು ವಿಭಾಗಕ್ಕೆ ಕರೆಸಿದರು. ಕಣ್ಣ ಮುಂದೆಲ್ಲ ಬಿಳಿ ಮಂಜು ಕವಿದಿದೆ ಎನ್ನುತ್ತಿದ್ದ ಅವರಿಗೆ ಬಲಗಣ್ಣಿನಲ್ಲಿ ಬೆರಳೆಣಿಸುವಷ್ಟು ದೃಷ್ಟಿ ಉಳಿದಿತ್ತು, ಎಡಗಣ್ಣಿಗೆ ಬೆಳಕಿನ ಅರಿವು ಮಾತ್ರ ಇತ್ತು. ಹಿಗ್ಗಿದ ಪಾಪೆಗಳು ಟಾರ್ಚಿನ ಬೆಳಕಿಗೆ ತೀರ ನಿಧಾನವಾಗಿ ಕುಗ್ಗುತ್ತಿದ್ದವು. ದೃಷ್ಟಿನರದ ತುದಿ ಕೆಂಪೇರಿ ಊದಿಕೊಂಡಿತ್ತು. ರಕ್ತದ ಪಿಎಚ್ 7.02ಕ್ಕೆ ಇಳಿದಿತ್ತು, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರಿತ್ತು.

ಆ ಸ್ಪಿರಿಟ್ಟಿನಲ್ಲಿದ್ದ ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಯಕೃತ್ತಿನಲ್ಲಿ ಫಾರ್ಮಾಲ್ಡಿಹೈಡ್ ಆಗಿ, ಅಲ್ಲಿಂದ ಫಾರ್ಮಿಕ್ ಆಮ್ಲವಾಗುತ್ತದೆ. ಈ ಆಮ್ಲವೇ ಜೀವಕೋಶದ ಉಸಿರಾಟವನ್ನು ತಡೆದು ದೃಷ್ಟಿನರವನ್ನು ಕೊಲ್ಲುತ್ತದೆ. ಅದು ಶೇಖರಗೊಳ್ಳಲು ಸಮಯ ಬೇಕಾದ್ದರಿಂದಲೇ ರೋಗಿ ಮೊದಲ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿರುತ್ತಾನೆ. ವಿಷವಿದ್ದದ್ದು ರಕ್ತದಲ್ಲಾದ್ದರಿಂದ ಆ ರಾತ್ರಿ ಕಣ್ಣಿಗೆ ಹಾಕಬೇಕಾದ ಔಷಧ ನನ್ನ ಬಳಿ ಯಾವುದೂ ಇರಲಿಲ್ಲ. ಇದಕ್ಕೆ ಪ್ರತಿವಿಷವಾದ ಫೊಮೆಪಿಜೋಲ್ ನಮ್ಮಲ್ಲಿ ಸಿಗದ ಕಾರಣ ವೈದ್ಯ ಮಿತ್ರರು ಮೂಗಿನ ನಳಿಕೆಯ ಮೂಲಕ ಎಥನಾಲ್, ಅಂದರೆ ಕುಡಿಯುವ ಮದ್ಯದಲ್ಲಿರುವ ಮದ್ಯಸಾರ, ಕೊಟ್ಟರು. (ಮದ್ಯಕ್ಕೆ ಮದ್ಯವೇ ಮದ್ದು ಎಂಬುದನ್ನು ರೋಗಿಯ ಹೆಂಡತಿಗೆ ವಿವರಿಸುವುದು ಸುಲಭವಾಗಿರಲಿಲ್ಲ.) ಯಕೃತ್ತಿನ ಕಿಣ್ವ ಎಥನಾಲ್‌ಗೆ ಅಂಟಿಕೊಂಡರೆ ಮೆಥನಾಲ್ ಆಮ್ಲವಾಗದೆ ಉಳಿಯುತ್ತದೆ. ಜೊತೆಗೆ ರಕ್ತದ ಆಮ್ಲೀಯತೆ ತಗ್ಗಿಸಲು ಬೈಕಾರ್ಬೊನೇಟ್, ಫಾರ್ಮಿಕ್ ಆಮ್ಲ ಬೇಗ ಒಡೆಯಲೆಂದು ಆರು ಗಂಟೆಗೊಮ್ಮೆ 50 ಮಿಲಿಗ್ರಾಂ ಫೋಲಿನಿಕ್ ಆಮ್ಲ, ವಿಷವನ್ನು ರಕ್ತದಿಂದ ತೊಳೆಯಲು ಕೂಡಲೇ ಡಯಾಲಿಸಿಸ್. ಡಯಾಲಿಸಿಸ್ ಎಥನಾಲನ್ನೂ ತೊಳೆದುಬಿಡುವುದರಿಂದ ಆ ಹೊತ್ತಿನಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಯಿತು. ನಮಗೆ ಬಂದವರು ಒಬ್ಬರೇ ಆದ್ದರಿಂದ ಯಂತ್ರ ತಕ್ಷಣ ಸಿಕ್ಕಿತು. 1981ರಲ್ಲಿ ಬೆಂಗಳೂರಿನ ಕಳ್ಳಬಟ್ಟಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ ಆಸ್ಪತ್ರೆಗಳ ಪಾಡು ಹೇಗಿದ್ದಿರಬಹುದೆಂದು ಯೋಚಿಸಿದೆ.

ಆಮ್ಲೀಯತೆ ಸರಿಹೋದ ಮೇಲೆ ಮೂರು ದಿನ ದಿನಕ್ಕೆ 1 ಗ್ರಾಂನಂತೆ ಊತ ಇಳಿಸುವ ಸ್ಟಿರಾಯ್ಡ್ ಆದ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟೆ. ಇದರ ಪರವಾದ ಪುರಾವೆ ದುರ್ಬಲ. ಕೈಕಟ್ಟಿ ಕೂರಲಾಗದೆ ಕೊಟ್ಟೆನೆಂದರೂ ತಪ್ಪಲ್ಲ. ಐದನೆಯ ದಿನ ಅವರು ಬಲಗಣ್ಣಿನಿಂದ 6/18ರ ಸಾಲನ್ನು (ಸರಿಯಾದ ಕಣ್ಣು ಹದಿನೆಂಟು ಮೀಟರಿನಿಂದ ಓದುವುದನ್ನು ಆರು ಮೀಟರಿನಿಂದ) ಓದಿದಾಗ, "ಕಣ್ಣು ಉಳಿಯಿತಮ್ಮಾ" ಎಂದು ಅವರ ಹೆಂಡತಿಗೆ ಹೇಳಿಬಿಟ್ಟೆ. ಆ ಮಾತು ಆಡಬಾರದಿತ್ತು. ಊತ ಇಳಿದಾಗ ಮರಳುವ ದೃಷ್ಟಿ, ಸತ್ತ ನರತಂತುಗಳು ಸವೆಯುತ್ತಾ ಹೋದಂತೆ ಮತ್ತೆ ಕುಗ್ಗಬಹುದು. ಆರು ವಾರಗಳ ನಂತರ ದೃಷ್ಟಿನರದ ತುದಿ ಸುಣ್ಣದಂತೆ ಬಿಳಿಚಿತ್ತು, ಬಲಗಣ್ಣಿನ ದೃಷ್ಟಿ 6/36ಕ್ಕೆ ಇಳಿದಿತ್ತು, ನೋಟದ ನಡುವೆ ಕಪ್ಪು ಚುಕ್ಕೆ ನಿಂತಿತ್ತು. ತೇಗದ ಮರವನ್ನೂ ಹೊನ್ನೆಯನ್ನೂ ಈಗ ಬಣ್ಣದಿಂದಲ್ಲ, ಮೂಸಿ ಗುರುತಿಸುತ್ತೇನೆ ಎಂದು ಅವರು ಹೇಳಿದರು.