ವಿಡಿಯೊದಲ್ಲಿ ಮಿರ್ಜಾನ್ ಕೋಟೆ ತೋರಿಸುವುದು ಹೇಗೆ?

ಶಿರಸಿಯಿಂದ ಘಟ್ಟ ಇಳಿದರೆ ಕುಮಟಾ ಹತ್ತಿರವೇ ಮಿರ್ಜಾನ್ ಕೋಟೆ. ಆದರೂ ನನ್ನ ಏಳನೇ ಕ್ಲಾಸಿನ ಹೆಚ್ಚಿನ ಮಕ್ಕಳು ಅದನ್ನು ನೋಡಿರಲಿಲ್ಲ. ಬಸ್ಸಿಗೆ ದುಡ್ಡು ಹೊಂದಲಿಲ್ಲ. ಕುಮಟಾದ ಗೆಳತಿ ಮೊಬೈಲ್ ಹಿಡಿದು ಕೋಟೆ ಸುತ್ತಿದಳು, ನಾವು ಕ್ಲಾಸಿನಲ್ಲಿ ಕೂತು ನೋಡಿದೆವು.

ನೀವೂ ಮಾಡುವುದಾದರೆ, ಮೊದಲು ಮಕ್ಕಳ ಕೈಗೆ ನಾಲ್ಕು ಕಾಳುಮೆಣಸು ಕೊಡಿ. ಇಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡದ ಮಕ್ಕಳಿಲ್ಲ. ಇದೇ ಕಾಳಿಗಾಗಿ ಪೋರ್ಚುಗೀಸರು ಸಮುದ್ರ ದಾಟಿ ಬಂದರು, ಈ ಕೋಟೆಯನ್ನು ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದರು ಅಂತ ಹೇಳಿ. 16ನೇ ಶತಮಾನದ ಕಥೆ ಆಗ ಮನೆಯ ಹಿತ್ತಿಲಿಗೇ ಬರುತ್ತದೆ. ಪ್ರತಿ ಮಗುವೂ ಒಂದು ಪ್ರಶ್ನೆ ಬರೆದಿಡಲಿ.

ಕೋಟೆಗೆ ಹೋಗುವವರು ಹಿಂದಿನ ದಿನವೇ ಸಿಗ್ನಲ್ ನೋಡಿಕೊಳ್ಳಬೇಕು. ಸಿಗ್ನಲ್ ಸಿಗದ ಕಡೆ ಮೊದಲೇ ರೆಕಾರ್ಡ್ ಮಾಡಿಡಿ. ಗಾಳಿಯ ಸದ್ದು ಜಾಸ್ತಿ, ಇಯರ್‌ಫೋನ್ ಮೈಕ್ ಬೇಕೇ ಬೇಕು. ಮೊಬೈಲ್ ಅಡ್ಡ ಹಿಡಿದು ನಿಧಾನ ನಡೆಯಿರಿ. ಗೋಡೆಯ ಹತ್ತಿರ ಹೋಗಿ, ಚಿರೆಕಲ್ಲಿನ ತೂತುಗಳು ಕಾಣಬೇಕು. ಬಾವಿಯ ಹತ್ತಿರ ಸುಮ್ನೆ ಒಂದು ನಿಮಿಷ ನಿಲ್ಲಿ. “ಶತ್ರುಗಳು ಹೊರಗಿದ್ದಾಗ ಒಳಗೇ ನೀರು ಬೇಕಲ್ವಾ ಟೀಚರ್?” ಅಂತ ಒಬ್ಬಳು ಕೇಳಿದಳು. ನಾನು ಅದನ್ನು ಹೇಳಿಕೊಟ್ಟಿರಲೇ ಇಲ್ಲ. ಆ ಖುಷಿ ನನಗಿನ್ನೂ ಇದೆ.

ಕೊನೆಗೆ ಅಘನಾಶಿನಿ ಹರಿಯುವ ದಿಕ್ಕಿಗೆ ಕ್ಯಾಮೆರಾ ತಿರುಗಿಸಲು ಹೇಳಿ. ಆ ನದಿ ಹುಟ್ಟುವುದು ನಮ್ಮ ಶಿರಸಿಯಲ್ಲೇ. ನಕ್ಷೆ ಬಿಡಿಸಿ, ಮಕ್ಕಳು ಬೆರಳಿಟ್ಟು ನದಿಯ ಜಾಡು ಹಿಡಿದು ಸಮುದ್ರದವರೆಗೆ ಹೋಗಲಿ.