ಕ್ಯಾಪ್ಡ್ ಬಸ್ಟ್ ಹಾಫ್ ಡಾಲರ್: ಸವೆತವೋ, ಅಚ್ಚೇ ಸರಿಯಾಗಿ ಬಿದ್ದಿಲ್ಲವೋ?

ಹಳೇ ಅಮೆರಿಕನ್ ಬೆಳ್ಳಿ ನಾಣ್ಯಗಳಲ್ಲಿ ನನಗೆ ಜಾಸ್ತಿ ಪ್ರೀತಿ ಕ್ಯಾಪ್ಡ್ ಬಸ್ಟ್ ಹಾಫ್ ಡಾಲರ್ ಮೇಲೆ. 1807ರಿಂದ 1836ರವರೆಗೆ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಅಚ್ಚಾದದ್ದು. ಒಂದು ಕಡೆ ಟೋಪಿ ತೊಟ್ಟ ಲಿಬರ್ಟಿ (ಸ್ವಾತಂತ್ರ್ಯದ ಸಂಕೇತವಾದ ಹೆಣ್ಣಿನ ಮುಖ), ಇನ್ನೊಂದು ಕಡೆ ಹದ್ದು.

ನಾಣ್ಯ ಕೈಗೆ ಬಂದ ತಕ್ಷಣ ನಾನು ನೋಡುವುದು ಅಂಚನ್ನು. ಅಲ್ಲಿ ‘ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್’ ಎಂಬ ಅಕ್ಷರಗಳಿರಬೇಕು. ಮುಖದ ಅಚ್ಚು ಒತ್ತುವ ಮೊದಲೇ ಬಿಲ್ಲೆಯನ್ನು ಎರಡು ಪಟ್ಟಿಗಳ ನಡುವೆ ಉರುಳಿಸಿ ಇವನ್ನು ಮೂಡಿಸುತ್ತಿದ್ದರು. ಹಾಗಾಗಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದರೆ ಗಾಬರಿ ಬೇಡ. ಅಂಚಿನ ಸುತ್ತ ಕೂಡಿಸಿದಂಥ ಗೆರೆ ಕಂಡರೆ ಎರಕದ ನಕಲಿ ಎಂದು ಅನುಮಾನಿಸುತ್ತೇನೆ. ಆಮೇಲೆ ತಕ್ಕಡಿ. 13.48 ಗ್ರಾಂ ಹತ್ತಿರ ಬರಬೇಕು, ತುಂಬಾ ಸವೆದಿದ್ದರೆ ಸ್ವಲ್ಪ ಕಡಿಮೆ.

ನಾಣ್ಯ ಯಾವ ಡೈಯಿಂದ (ನಾಣ್ಯ ಒತ್ತುವ ಉಕ್ಕಿನ ಅಚ್ಚು) ಬಂದದ್ದು ಎಂದು ಗುರುತಿಸುವುದು ನನಗೆ ಬಹಳ ಖುಷಿ ಕೊಡುವ ಕೆಲಸ. ಆಗ ನಕ್ಷತ್ರ, ಅಕ್ಷರ, ಇಸವಿಯ ಅಂಕಿಗಳನ್ನೆಲ್ಲ ಡೈ ಮೇಲೆ ಕೈಯಿಂದಲೇ ಒಂದೊಂದಾಗಿ ಒತ್ತುತ್ತಿದ್ದರು. ಹಾಗಾಗಿ ಯಾವ ಎರಡು ಡೈಗಳೂ ಒಂದೇ ಥರ ಇಲ್ಲ. ಲಿಬರ್ಟಿಯ ಎಡಕ್ಕೆ 7, ಬಲಕ್ಕೆ 6 ನಕ್ಷತ್ರ. ಅವುಗಳ ಮೊನೆ ಎತ್ತ ತಿರುಗಿದೆ, ಅಂಕಿಗಳ ನಡುವೆ ಎಷ್ಟು ಜಾಗ ಇದೆ, ಡೈ ಬಿರುಕು ಎಲ್ಲಿ ಹಾದಿದೆ ಎಂದು ಲೂಪ್‌ನಲ್ಲಿ (ಪುಟ್ಟ ಭೂತಗನ್ನಡಿ) ನೋಡುತ್ತೇನೆ. 1817ರ ಕೆಲವು ನಾಣ್ಯಗಳಲ್ಲಿ 7ರ ಕೆಳಗೆ ಹಳೆಯ 3 ಇಣುಕುತ್ತದೆ. 1813ರ ಅಂಕಿ ಇದ್ದ ಡೈಯನ್ನೇ ತಿದ್ದಿ ಬಳಸಿದ್ದರು.

ನಿಜವಾಗಿ ತಲೆ ಕೆಡಿಸುವುದು ಗ್ರೇಡಿಂಗ್, ಅಂದರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಅಂಕ ಕೊಡುವುದು. ಲಿಬರ್ಟಿಯ ಭುಜದ ಬಳಿ ಉಡುಪಿನ ಕೊಂಡಿ ಮಸುಕಾಗಿದೆ, ಹದ್ದಿನ ಮೇಲಿನ ಪಟ್ಟಿಯಲ್ಲಿ ‘ಇ ಪ್ಲುರಿಬಸ್ ಉನಮ್’ ಎಂಬ ಲ್ಯಾಟಿನ್ ಧ್ಯೇಯವಾಕ್ಯ ಅರ್ಧ ಮಾಯ. ಸುಮ್ನೆ ನೋಡಿದರೆ ಸವೆತ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಸಲ ಅದು ಸವೆತ ಅಲ್ಲ, ಅಲ್ಲಿಗೆ ಲೋಹ ಪೂರ್ತಿ ಹರಿದೇ ಇರುವುದಿಲ್ಲ. ಇದನ್ನು ಬಿಡಿಸಲು ನಾನು ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ನಿಧಾನವಾಗಿ ಓಲಾಡಿಸುತ್ತೇನೆ. ಮಸುಕಾದ ಜಾಗದಲ್ಲೂ ಹೊಳಪು ಹರಿದಾಡಿದರೆ ಅದು ಅಚ್ಚಿನ ಕೊರತೆ. ಬೂದು ಬಣ್ಣಕ್ಕೆ ತಿರುಗಿ ಸತ್ತಂತೆ ಕಂಡರೆ ಸವೆತ. ಕಿವಿಯ ಮೇಲಿನ ಗುಂಗುರು, ಕೆನ್ನೆ, ಟೋಪಿಯ ಮೇಲ್ಭಾಗ, ಹದ್ದಿನ ರೆಕ್ಕೆಯಂಚು, ಈ ಎತ್ತರದ ಜಾಗಗಳನ್ನು ಮೊದಲು ನೋಡಬೇಕು.

ಕೆನ್ನೆಯ ಮೇಲೆ ಚೂರು ಉಜ್ಜಿದ ಗುರುತಿದ್ದರೆ ಅದಕ್ಕೂ ಕಾರಣ ಉಂಟು. 1804ರಲ್ಲಿ ಬೆಳ್ಳಿ ಡಾಲರ್ ಮುದ್ರಣ ನಿಂತ ಮೇಲೆ ಬ್ಯಾಂಕುಗಳು ಈ ಅರ್ಧ ಡಾಲರ್‌ಗಳನ್ನೇ ಚೀಲಗಳಲ್ಲಿ ಮೀಸಲಿಡುತ್ತಿದ್ದವು. ಸಂತೆಗೆ ಹೋಗದ ನಾಣ್ಯವೂ ಚೀಲದಲ್ಲಿ ಒಂದಕ್ಕೊಂದು ತಿಕ್ಕಾಡಿದೆ. ಅಂಥದಕ್ಕೆ ನಾನು 70ರವರೆಗಿನ ಅಂಕಪಟ್ಟಿಯಲ್ಲಿ ಎಯು (ಬಹುತೇಕ ಚಲಾವಣೆಯಾಗದ್ದು) 55 ಅಥವಾ 58 ಕೊಡುತ್ತೇನೆ, ಸವೆತವೇ ಇಲ್ಲದ ನಾಣ್ಯಗಳ ದರ್ಜೆ ಶುರುವಾಗುವ 60ಕ್ಕೆ ಏರಿಸುವುದಿಲ್ಲ.

ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರುಗಳಿದ್ದರೆ ಯಾರೋ ಉಜ್ಜಿ ತೊಳೆದಿದ್ದಾರೆ. ಆಗ ಎಷ್ಟೇ ಚೆನ್ನಾಗಿ ಉಳಿದಿದ್ದರೂ ಲಕೋಟೆ ಮೇಲೆ ಗ್ರೇಡಿನ ಪಕ್ಕ ‘ತೊಳೆದದ್ದು’ ಎಂದು ಬರೆದೇ ಇಡುತ್ತೇನೆ.